ಅಂಗಡಿ ಮುಚ್ಚಲು ಬಂದ ಹಡಗು



1845ರ ಜೂನ್ 24ರಂದು ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್‌ನಿಂದ ನೌಕಾಪಡೆಯ ಒಂದು ಹಾಯಿ ಹಡಗು ಲಂಗರು ಎತ್ತಿತು. ಅದರ ಹೆಸರು ಗಲಾಥಿಯಾ. ಗ್ರೀಕರ ಪುರಾಣದಲ್ಲಿ ಇದು ಒಬ್ಬ ಸಮುದ್ರಕನ್ಯೆಯ ಹೆಸರು. ಹಡಗಿಗೆ ಮೂರು ಕೂವೆಮರಗಳು, ಅವುಗಳ ತುಂಬ ಹಾಯಿಗಳು, ಇಕ್ಕೆಲಗಳಲ್ಲಿ ಫಿರಂಗಿಗಳು. ಯಂತ್ರ ಮಾತ್ರ ಇರಲಿಲ್ಲ. ಸೂಯೆಜ್ ಕಾಲುವೆ ತೆರೆಯಲು ಇನ್ನೂ ಇಪ್ಪತ್ತನಾಲ್ಕು ವರ್ಷ ಬಾಕಿ ಇತ್ತು. ಗಾಳಿಯನ್ನೇ ನಂಬಿ ಆಫ್ರಿಕದ ತುದಿ ಬಳಸಿ ಹೊರಟ ಈ ಹಡಗು, ಭಾರತ, ಚೀನ, ಹವಾಯಿ, ದಕ್ಷಿಣ ಅಮೆರಿಕಗಳನ್ನು ಮುಟ್ಟಿ, ಇಡೀ ಭೂಮಿಯನ್ನು ಒಂದು ಸುತ್ತು ಹಾಕಿ 1847ರ ಆಗಸ್ಟ್ 24ರಂದು ತವರಿಗೆ ಮರಳಿತು. ಸರಿಯಾಗಿ ಎರಡು ವರ್ಷ ಎರಡು ತಿಂಗಳ ಪಯಣ.

ಯುದ್ಧನೌಕೆ ಹೊರಟದ್ದು ಯುದ್ಧಕ್ಕಲ್ಲ. ಅದಕ್ಕೆ ವಹಿಸಿದ್ದ ಕೆಲಸಗಳಲ್ಲಿ ಮೊದಲನೆಯದು ತುಸು ವಿಚಿತ್ರವಾದದ್ದು. ಭಾರತದಲ್ಲಿ ಡೆನ್ಮಾರ್ಕ್ ಇನ್ನೂರ ಇಪ್ಪತ್ತೈದು ವರ್ಷಗಳಿಂದ ಇಟ್ಟುಕೊಂಡಿದ್ದ ಅಂಗಡಿಯನ್ನು ಮುಚ್ಚುವ ಹೊತ್ತಿನಲ್ಲಿ ಅದು ಅಲ್ಲಿರಬೇಕಾಗಿತ್ತು. ಎರಡನೆಯದು ಇದಕ್ಕೆ ತದ್ವಿರುದ್ಧ: ಬಂಗಾಳ ಕೊಲ್ಲಿಯ ನಿಕೋಬಾರ್ ದ್ವೀಪಗಳಲ್ಲಿ ಹೊಸ ಅಂಗಡಿ ತೆರೆಯಲು ಸಾಧ್ಯವೇ ಎಂದು ನೋಡಿಬರಬೇಕು. ಮೂರನೆಯದು ಪೂರ್ವದ ಬಂದರುಗಳಲ್ಲಿ ವ್ಯಾಪಾರದ ಸಂಬಂಧ ಬೆಳೆಸುವುದು. ಕೊನೆಯದು ವಿಜ್ಞಾನ. ಹೋದಲ್ಲೆಲ್ಲ ಗಿಡ, ಪ್ರಾಣಿ, ಕಲ್ಲು, ಜನರ ಬಳಕೆಯ ವಸ್ತುಗಳನ್ನು ಸಂಗ್ರಹಿಸಿ ತರಬೇಕು.

ಅಂಗಡಿ ಮುಚ್ಚುವ ಗತಿ ಏಕೆ ಬಂತು? ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಡೇನರು ಭಾರತಕ್ಕೆ ಬಂದದ್ದು ಇಂಗ್ಲಿಷರು, ಡಚ್ಚರು ಬಂದ ಕಾಲದಲ್ಲೇ. 1616ರಲ್ಲಿ ದೊರೆ ನಾಲ್ಕನೆಯ ಕ್ರಿಶ್ಚಿಯನ್ನನ ಆಶ್ರಯದಲ್ಲಿ ಡೇನಿಷ್ ಈಸ್ಟ್ ಇಂಡಿಯಾ ಕಂಪನಿ ಹುಟ್ಟಿತು. 1620ರ ನವೆಂಬರಿನಲ್ಲಿ ಓವೆ ಗೆಡ್ಡೆ ಎಂಬ ಯುವ ಸೇನಾನಿ ತಂಜಾವೂರಿನ ರಘುನಾಥ ನಾಯಕನೊಡನೆ ಒಪ್ಪಂದ ಮಾಡಿಕೊಂಡು ಕಾವೇರಿ ಮುಖಜ ಪ್ರದೇಶದ ತರಂಗಂಬಾಡಿಯನ್ನು ಪಡೆದ. ಡೇನರ ಬಾಯಲ್ಲಿ ಅದು ಟ್ರಾಂಕೆಬಾರ್ ಆಯಿತು. ಕಡಲ ದಂಡೆಯಲ್ಲಿ ಅವರು ಕಟ್ಟಿದ ಡ್ಯಾನ್ಸ್‌ಬೋರ್ಗ್ ಕೋಟೆ ಇಂದಿಗೂ ನಿಂತಿದೆ. 1706ರಲ್ಲಿ ಇದೇ ಊರಿಗೆ ಬಂದಿಳಿದ ಜರ್ಮನ್ ಪಾದ್ರಿ ಬಾರ್ತಲೋಮಿಯಸ್ ಸೀಗನ್‌ಬಾಲ್ಗ್ ತಮಿಳು ಕಲಿತು, ಅಚ್ಚುಕೂಟ ಸ್ಥಾಪಿಸಿ, ಬೈಬಲ್ಲಿನ ಹೊಸ ಒಡಂಬಡಿಕೆಯನ್ನು ತಮಿಳಿನಲ್ಲಿ ಅಚ್ಚು ಹಾಕಿಸಿದ.

1755ರಲ್ಲಿ ಬಂಗಾಳದ ಹೂಗ್ಲಿ ನದಿಯ ದಡದಲ್ಲಿ ಡೇನರ ಇನ್ನೊಂದು ನೆಲೆ ಶುರುವಾಯಿತು. ಅದೇ ಶ್ರೀರಾಮಪುರ, ಇಂಗ್ಲಿಷರ ಸೆರಾಂಪುರ. ಈ ಊರಿಗೂ ಕನ್ನಡಕ್ಕೂ ನೇರವಾದ ನಂಟಿದೆ. ಬ್ರಿಟಿಷ್ ಈಸ್ಟ್ ಇಂಡಿಯಾ ಕಂಪನಿ ತನ್ನ ಸೀಮೆಯಲ್ಲಿ ಮಿಷನರಿಗಳಿಗೆ ಎಡೆ ಕೊಡದಿದ್ದ ಕಾಲ ಅದು. ವಿಲಿಯಂ ಕೇರಿ ಮತ್ತು ಅವನ ಸಂಗಡಿಗರು 1800ರಲ್ಲಿ ಡೇನಿಷ್ ಬಾವುಟದ ಆಸರೆಗೆ ಬಂದು ಶ್ರೀರಾಮಪುರದಲ್ಲಿ ಮುದ್ರಣಾಲಯ ತೆರೆದರು. ಕೇರಿ ಬರೆದ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದದ್ದು ಅಲ್ಲೇ. ಕನ್ನಡ ಅಚ್ಚುಮೊಳೆಗಳ ಆರಂಭದ ಇತಿಹಾಸದಲ್ಲಿ ಈ ಪುಸ್ತಕಕ್ಕೆ ತಪ್ಪದೆ ಜಾಗವಿದೆ. ಅಂದರೆ ಕನ್ನಡದ ಒಂದು ಆದಿ ಮುದ್ರಿತ ಪುಸ್ತಕ ಹೊರಬಂದದ್ದು ಬಂಗಾಳದ ನೆಲದಲ್ಲಿ, ಡೆನ್ಮಾರ್ಕ್ ದೊರೆಯ ಆಡಳಿತದಲ್ಲಿ.

ಡೇನರ ವ್ಯಾಪಾರಕ್ಕೆ ಒಂದು ಗುಟ್ಟಿತ್ತು. ಇಂಗ್ಲಿಷರೂ ಫ್ರೆಂಚರೂ ಕಾದಾಡುತ್ತಿದ್ದಾಗ ತಾವು ತಟಸ್ಥರು ಎಂದು ನಿಂತು ಇಬ್ಬರ ಸರಕನ್ನೂ ಸಾಗಿಸಿ ಲಾಭ ಮಾಡಿಕೊಳ್ಳುವುದು. ನೆಪೋಲಿಯನ್ ಕಾಲದಲ್ಲಿ ಆ ಆಟ ಕೆಟ್ಟಿತು. 1807ರಲ್ಲಿ ಬ್ರಿಟಿಷರು ಕೋಪನ್‌ಹೇಗನ್ ಮೇಲೆ ಗುಂಡಿನ ಮಳೆಗರೆದು ಡೆನ್ಮಾರ್ಕಿನ ನೌಕಾಪಡೆಯನ್ನೇ ಎಳೆದೊಯ್ದರು. 1808ರಿಂದ 1815ರವರೆಗೆ ತರಂಗಂಬಾಡಿ, ಶ್ರೀರಾಮಪುರ ಎರಡೂ ಬ್ರಿಟಿಷರ ವಶದಲ್ಲಿದ್ದವು. 1813ರಲ್ಲಿ ಡೆನ್ಮಾರ್ಕ್ ಸರ್ಕಾರ ದಿವಾಳಿ ಎದ್ದಿತು. ಮರುವರ್ಷ ನಾರ್ವೆಯೂ ಕೈಬಿಟ್ಟಿತು. ಊರುಗಳು ಡೇನರಿಗೆ ಮರಳಿ ಸಿಕ್ಕರೂ ಅವುಗಳ ವ್ಯಾಪಾರ ಮರಳಲಿಲ್ಲ. ಮ್ಯಾಂಚೆಸ್ಟರಿನ ಗಿರಣಿ ಬಟ್ಟೆ ಭಾರತದ ಪೇಟೆಗೆ ನುಗ್ಗಿದ ಮೇಲೆ ಕೋರಮಂಡಲ ತೀರದ ಕೈಮಗ್ಗದ ಬಟ್ಟೆ ಕೊಂಡು ಯೂರೋಪಿಗೆ ಸಾಗಿಸುವ ಕಸುಬಿಗೆ ಅರ್ಥವೇ ಉಳಿಯಲಿಲ್ಲ. ವರಮಾನಕ್ಕಿಂತ ಖರ್ಚು ಹೆಚ್ಚು.

1845ರ ಫೆಬ್ರವರಿ 22ರಂದು ಮಾರಾಟದ ಪತ್ರಕ್ಕೆ ಸಹಿ ಬಿತ್ತು. ತರಂಗಂಬಾಡಿ, ಶ್ರೀರಾಮಪುರಗಳನ್ನು ಬ್ರಿಟಿಷ್ ಈಸ್ಟ್ ಇಂಡಿಯಾ ಕಂಪನಿ ಹನ್ನೆರಡೂವರೆ ಲಕ್ಷ ರೂಪಾಯಿಗೆ ಕೊಂಡುಕೊಂಡಿತು. ಶ್ರೀರಾಮಪುರದ ಕಾಲೇಜಿಗೆ ಡೇನಿಷ್ ದೊರೆ 1827ರಲ್ಲಿ ಕೊಟ್ಟಿದ್ದ ಸನ್ನದಿನ ಹಕ್ಕುಗಳು ಹಾಗೆಯೇ ಉಳಿಯಬೇಕು ಎಂಬ ಕರಾರೂ ಅದರಲ್ಲಿತ್ತು. ನಿಕೋಬಾರ್ ಮಾತ್ರ ಈ ವ್ಯವಹಾರದಲ್ಲಿ ಸೇರಲಿಲ್ಲ. ಸಹಿಯಾದ ನಾಲ್ಕು ತಿಂಗಳಿಗೆ ಗಲಾಥಿಯಾ ಹೊರಟಿತು.

ಗಲಾಥಿಯಾ ಕಾರ್ವೆಟ್ ವರ್ಗದ ಹಡಗು. ಕಾರ್ವೆಟ್ ಎಂದರೆ ಫ್ರಿಗೇಟಿಗಿಂತ ಒಂದು ಮೆಟ್ಟಿಲು ಚಿಕ್ಕದು. ವೇಗವಾಗಿ ಓಡುತ್ತದೆ, ಖರ್ಚು ಕಡಿಮೆ, ಮುಖ್ಯ ಫಿರಂಗಿಗಳೆಲ್ಲ ಒಂದೇ ಅಟ್ಟದಲ್ಲಿ. ಪಡೆ ಕಳೆದುಕೊಂಡ ಬಡ ದೇಶ ಮತ್ತೆ ನೌಕಾಬಲ ಕಟ್ಟಿಕೊಳ್ಳುವಾಗ ಇಂಥ ಹಡಗೇ ಅನುಕೂಲ. ಕಪ್ತಾನ ಸ್ಟೀನ್ ಆಂಡರ್ಸನ್ ಬಿಲ್ಲೆ. ಆಗ ಅವನಿಗೆ ಐವತ್ತರ ಹತ್ತಿರ. ಮುಂದೆ ಈತ ಡೆನ್ಮಾರ್ಕಿನ ನೌಕಾ ಮಂತ್ರಿಯೂ ಆದ. ಯಾತ್ರೆಯ ಬೆನ್ನ ಹಿಂದೆ ನಿಂತವನು ದೊರೆ ಎಂಟನೆಯ ಕ್ರಿಶ್ಚಿಯನ್. ಚಿಪ್ಪು, ಖನಿಜಗಳ ಸಂಗ್ರಹದಲ್ಲಿ ಈ ದೊರೆಗೆ ವೈಯಕ್ತಿಕ ಆಸಕ್ತಿ ಇತ್ತು. ಯುದ್ಧನೌಕೆಯಲ್ಲಿ ವಿಜ್ಞಾನಿಗಳಿಗೆ ಜಾಗ ಸಿಕ್ಕಿದ್ದು ಸುಮ್ಮನೆ ಅಲ್ಲ.

ಆ ವಿಜ್ಞಾನಿಗಳ ತಂಡವನ್ನು ಒಮ್ಮೆ ನೋಡಬೇಕು. ಕೀಲ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ವಿಲ್‌ಹೆಲ್ಮ್ ಬೇನ್, ಪ್ರಾಣಿಶಾಸ್ತ್ರಜ್ಞ. ಅವನ ಜೊತೆಗೆ ಕೋಪನ್‌ಹೇಗನ್ನಿನ ಯೋಹಾನೆಸ್ ರೈನ್‌ಹಾರ್ಟ್, ಕೀಟಗಳನ್ನು ನೋಡಿಕೊಳ್ಳಲು ಕೀಲೆರುಪ್, ಸಸ್ಯಗಳಿಗೆ ಡಿಡ್ರಿಕ್ಸನ್, ಕಲ್ಲು ಮಣ್ಣುಗಳಿಗೆ ಇಪ್ಪತ್ತೈದು ಇಪ್ಪತ್ತಾರರ ಹರೆಯದ ಹಿನ್ರಿಕ್ ರಿಂಕ್. ಇವರೊಡನೆ ಇಬ್ಬರು ಕಲಾವಿದರು, ಟೋರ್ನಾಮ್ ಮತ್ತು ಪ್ಲುಮ್. ಫೋಟೋಗ್ರಫಿ ಹುಟ್ಟಿ ಆರೇಳು ವರ್ಷವಾಗಿತ್ತಷ್ಟೆ. ಕಡಲ ಮೇಲೆ ಕಂಡದ್ದನ್ನು ದಾಖಲಿಸಲು ಕುಂಚ, ಪೆನ್ಸಿಲುಗಳೇ ಗತಿ. ಸಮುದ್ರದ ತೇವಕ್ಕೆ ಒಣಗಿಸಿದ ಎಲೆ ಬೂಷ್ಟು ಹಿಡಿಯುತ್ತದೆ, ಕೀಟಗಳನ್ನು ಇರುವೆ ತಿನ್ನುತ್ತದೆ, ಮೀನು ಕೊಳೆಯುತ್ತದೆ. ಮದ್ಯಸಾರದ ಜಾಡಿಗಳು, ಒತ್ತುಕಾಗದದ ಕಟ್ಟುಗಳು, ಪೆಟ್ಟಿಗೆಗಳು ಎಲ್ಲಕ್ಕೂ ಫಿರಂಗಿ ಮತ್ತು ಮದ್ದುಗುಂಡಿಗೆಂದೇ ಕಟ್ಟಿದ ಹಡಗಿನಲ್ಲಿ ಮೂಲೆ ಹುಡುಕಬೇಕಿತ್ತು.

1845ರ ಅಕ್ಟೋಬರ್ 11ರಂದು ಶ್ರೀರಾಮಪುರವೂ ನವೆಂಬರ್ 7ರಂದು ತರಂಗಂಬಾಡಿಯೂ ಬ್ರಿಟಿಷರ ಕೈಗೆ ಹೋದವು. ಅದೇ ದಿನಗಳಲ್ಲಿ ಗಲಾಥಿಯಾ ಭಾರತದ ಪೂರ್ವ ಕರಾವಳಿಯಲ್ಲಿತ್ತು. ಹಡಗಿನ ಮಂದಿಗೆ ಕಂಡ ತರಂಗಂಬಾಡಿ ಹಳೆಯ ಹಮ್ಮು ಕಳೆದುಕೊಂಡು ಮಲಗಿದ್ದ ಊರು. ಮಾರಾಟದಿಂದ ಅದಕ್ಕೆ ಒಳ್ಳೆಯದೇನೂ ಆಗಲಿಲ್ಲ. ಸ್ವಂತ ಬಾವುಟ ಇರುವಷ್ಟು ದಿನ ಅದೊಂದು ರಾಜಧಾನಿ. ಹಸ್ತಾಂತರವಾದ ಮೇಲೆ ಮದ್ರಾಸ್ ಪ್ರಾಂತದ ನೂರಾರು ಸಣ್ಣ ಬಂದರುಗಳಲ್ಲಿ ಒಂದು. ರೈಲು ನಾಗಪಟ್ಟಣಕ್ಕೆ ಬಂದಮೇಲಂತೂ ಸರಕು ಆ ಕಡೆಗೇ ತಿರುಗಿತು.

ಬಂಗಾಳದ ಕೆಲಸ ಮುಗಿಸಿ, 1846ರ ಆರಂಭದಲ್ಲಿ ಹಡಗು ನಿಕೋಬಾರಿನ ಕಡೆ ತಿರುಗಿತು. ಇಡೀ ಯಾತ್ರೆಯ ಮುಖ್ಯ ಅಧ್ಯಾಯ ಇದೇ.

ನಿಕೋಬಾರಿನ ಮೇಲೆ ಡೇನರ ಹಕ್ಕು ತೊಂಬತ್ತು ವರ್ಷಗಳಷ್ಟು ಹಳೆಯದು. 1756ರಲ್ಲಿ ತರಂಗಂಬಾಡಿಯಿಂದ ಹೋದ ತಂಡವೊಂದು ದ್ವೀಪಗಳಿಗೆ ದೊರೆ ಫ್ರೆಡೆರಿಕ್ಕನ ಹೆಸರಿಟ್ಟು ಬಾವುಟ ನೆಟ್ಟಿತು. ಬಾವುಟ ನಿಂತಿತು, ನೆಟ್ಟವರು ನಿಲ್ಲಲಿಲ್ಲ. ಮಲೇರಿಯ ಒಬ್ಬೊಬ್ಬರನ್ನಾಗಿ ಬಲಿ ತೆಗೆದುಕೊಂಡಿತು. 1768ರಿಂದ 1787ರವರೆಗೆ ಮೊರೇವಿಯನ್ ಪಂಥದ ಪಾದ್ರಿಗಳು ನಾನ್‌ಕೌರಿ ದ್ವೀಪದಲ್ಲಿ ಹಟ ಹಿಡಿದು ಕುಳಿತರು. ಅವರ ಬಾಳೂ ಜ್ವರದಲ್ಲೇ ಸವೆಯಿತು. ನಡುವೆ 1778ರಲ್ಲಿ ಆಸ್ಟ್ರಿಯದವರು, ಈ ದ್ವೀಪಗಳಿಗೆ ಯಜಮಾನರೇ ಇಲ್ಲವೆಂದುಕೊಂಡು ಬಂದು ತಮ್ಮ ಬಾವುಟ ಏರಿಸಿದರು. ತೆರೇಸಾ ಎಂಬ ದ್ವೀಪಕ್ಕೆ ಆಸ್ಟ್ರಿಯದ ರಾಣಿ ಮರಿಯಾ ತೆರೇಸಾಳ ಹೆಸರು ಇಂದಿಗೂ ಇದೆ. ಅವರೂ ಕೆಲವೇ ವರ್ಷಗಳಲ್ಲಿ ಗಂಟುಮೂಟೆ ಕಟ್ಟಿದರು. 1830ರ ದಶಕದಲ್ಲಿ ಡೇನಿಷ್ ಪಾದ್ರಿ ರೋಸೆನ್ ಮತ್ತೊಮ್ಮೆ ಪ್ರಯತ್ನಿಸಿ ಸೋತ. ಜ್ವರ ಸೊಳ್ಳೆಯಿಂದ ಬರುತ್ತದೆ ಎಂದು ಜಗತ್ತಿಗೆ ಗೊತ್ತಾದದ್ದು 1897ರಲ್ಲಿ, ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ನಡೆಸಿದ ಸಂಶೋಧನೆಯಿಂದ. ಅಲ್ಲಿಯವರೆಗೆ ಎಲ್ಲರೂ ದೂರಿದ್ದು ಕಾಡಿನ ಕೆಟ್ಟ ಗಾಳಿಯನ್ನು.

ಇಷ್ಟೆಲ್ಲ ಸೋಲಿನ ಚರಿತ್ರೆ ಇದ್ದರೂ ಕೋಪನ್‌ಹೇಗನ್ನಿಗೆ ಆಸೆ ಬಿಟ್ಟಿರಲಿಲ್ಲ. ಮಲಕ್ಕಾ ಜಲಸಂಧಿಯ ಬಾಯಿಗೆ ಎದುರಾಗಿರುವ ದ್ವೀಪಗಳು ಇವು. ಕಲ್ಕತ್ತೆಯಿಂದ ಚೀನಕ್ಕೆ ಹೋಗುವ ಹಡಗುಗಳ ದಾರಿ ಹತ್ತಿರದಲ್ಲೇ. 1819ರಲ್ಲಿ ಬ್ರಿಟಿಷ್ ಅಧಿಕಾರಿ ರಾಫಲ್ಸ್ ಕಾಲಿಟ್ಟ ಸಿಂಗಪುರ ಎರಡೇ ದಶಕಗಳಲ್ಲಿ ಹೇಗೆ ಬೆಳೆದಿತ್ತೆಂಬುದು ಎಲ್ಲರ ಕಣ್ಣ ಮುಂದಿತ್ತು. ಹಬೆ ಹಡಗುಗಳ ಕಾಲ ಬರುತ್ತಿತ್ತು. ಅವುಗಳಿಗೆ ದಾರಿಯಲ್ಲಿ ಕಲ್ಲಿದ್ದಲು ಬೇಕು. ಭೂವಿಜ್ಞಾನಿ ರಿಂಕ್ ಹಡಗಿನಲ್ಲಿದ್ದದ್ದರ ಹಿಂದೆ ಈ ಲೆಕ್ಕವೂ ಇತ್ತು.

ದ್ವೀಪಗಳ ನಡುವಿನ ಕಿರಿದಾದ ಕಾಲುವೆಗಳಲ್ಲಿ, ಹವಳದ ದಿಬ್ಬಗಳ ನಡುವೆ ಗಾಳಿಯನ್ನೇ ನಂಬಿದ ದೊಡ್ಡ ಹಡಗು ಓಡಾಡುವುದು ಅಪಾಯ. ಅದಕ್ಕಾಗಿ ಕಲ್ಕತ್ತೆಯಲ್ಲೇ ಒಂದು ಸಣ್ಣ ಹಬೆ ದೋಣಿಯನ್ನು ಗೊತ್ತುಮಾಡಿಕೊಳ್ಳಲಾಗಿತ್ತು. ತಂಡ ದ್ವೀಪದಿಂದ ದ್ವೀಪಕ್ಕೆ ಹೋಯಿತು, ನಕ್ಷೆ ತಿದ್ದಿತು, ನದಿಗಳ ಜಾಡು ಹಿಡಿದು ಕಾಡಿನೊಳಕ್ಕೆ ನುಗ್ಗಿತು. ರಿಂಕ್ ಅಲ್ಲಿನ ಬಂಡೆಗಳನ್ನು ಓದಿ ಬರೆದ ಜರ್ಮನ್ ಪುಸ್ತಕ 1847ರಲ್ಲಿ ಪ್ರಕಟವಾಯಿತು. ನಿಕೋಬಾರಿನ ಭೂವಿಜ್ಞಾನಕ್ಕೆ ಅದೇ ಮೊದಲ ಗಟ್ಟಿ ಕೃತಿ. ಜ್ವರ ಈ ಸಲವೂ ಬಿಡಲಿಲ್ಲ. ರಿಂಕ್ ಸ್ವತಃ ಹಾಸಿಗೆ ಹಿಡಿದು, ಭೂಮಿ ಸುತ್ತುವ ಯೋಗವಿಲ್ಲದೆ ಊರಿಗೆ ಮರಳಬೇಕಾಯಿತು. ನೆಲೆ ಕಟ್ಟುವ ಯೋಜನೆ ಅಲ್ಲಿಗೆ ಮುಗಿಯಿತು. ಡೆನ್ಮಾರ್ಕ್ 1868ರಲ್ಲಿ ನಿಕೋಬಾರಿನ ಹಕ್ಕನ್ನೂ ಬ್ರಿಟನ್ನಿಗೆ ಬಿಟ್ಟುಕೊಟ್ಟಿತು. ಮರುವರ್ಷ ಬ್ರಿಟಿಷರು ಅಲ್ಲಿ ಕೈದಿಗಳ ವಸಾಹತು ತೆರೆದು, 1888ರಲ್ಲಿ ಅದನ್ನೂ ಮುಚ್ಚಿದರು.

ಹಡಗಿನ ಹೆಸರು ಮಾತ್ರ ಭಾರತದ ನಕ್ಷೆಯಲ್ಲಿ ಉಳಿದಿದೆ. ದೇಶದ ದಕ್ಷಿಣ ತುದಿಯಾದ ಇಂದಿರಾ ಪಾಯಿಂಟ್ ಇರುವುದು ಗ್ರೇಟ್ ನಿಕೋಬಾರ್ ದ್ವೀಪದಲ್ಲಿ. ಅದರ ಹತ್ತಿರ ಕಡಲು ಸೇರುವ ನದಿ ಗಲಾಥಿಯಾ, ಅದು ಸೇರುವ ಜಾಗ ಗಲಾಥಿಯಾ ಕೊಲ್ಲಿ. ಜಗತ್ತಿನ ಅತಿ ದೊಡ್ಡ ಕಡಲಾಮೆಯಾದ ತೊಗಲುಬೆನ್ನಿನ ಆಮೆ ಮೊಟ್ಟೆಯಿಡಲು ಈ ಕೊಲ್ಲಿಯ ಮರಳಿಗೆ ಬರುತ್ತದೆ. 1992ರಲ್ಲಿ ನದಿಯ ಸುತ್ತಲ ಕಾಡು ರಾಷ್ಟ್ರೀಯ ಉದ್ಯಾನವಾಯಿತು. 2004ರ ಡಿಸೆಂಬರ್ 26ರ ಸುನಾಮಿ ತರಂಗಂಬಾಡಿಯ ದಂಡೆಗೂ ಅಪ್ಪಳಿಸಿತು, ಈ ಕೊಲ್ಲಿಗೂ ಅಪ್ಪಳಿಸಿತು. ಭೂಕಂಪಕ್ಕೆ ಇಂದಿರಾ ಪಾಯಿಂಟಿನ ನೆಲ ನಾಲ್ಕು ಮೀಟರಿಗೂ ಹೆಚ್ಚು ಕುಸಿದು, ಅಲ್ಲಿನ ದೀಪಸ್ತಂಭದ ಬುಡ ನೀರಿನಲ್ಲಿ ನಿಂತಿತು.

ಇತ್ತೀಚೆಗೆ ಗಲಾಥಿಯಾ ಕೊಲ್ಲಿಯ ಹೆಸರು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣಿಸುತ್ತಿದೆ. ಅಲ್ಲಿ ದೊಡ್ಡ ಕಂಟೇನರ್ ಬಂದರು, ಅದರೊಡನೆ ವಿಮಾನ ನಿಲ್ದಾಣ, ವಿದ್ಯುತ್ ಸ್ಥಾವರ, ಹೊಸ ಪಟ್ಟಣ ಕಟ್ಟುವ ಯೋಜನೆಯನ್ನು ಭಾರತ ಸರ್ಕಾರ ಕೈಗೆತ್ತಿಕೊಂಡಿದೆ. 2021ರಲ್ಲಿ ಕೊಲ್ಲಿಯ ವನ್ಯಧಾಮದ ಪಟ್ಟವನ್ನು ತೆಗೆಯಲಾಯಿತು. 2022ರಲ್ಲಿ ಯೋಜನೆಗೆ ಪರಿಸರ ಅನುಮತಿ ಸಿಕ್ಕಿತು. ಆಗಿನ ಅಂದಾಜು ವೆಚ್ಚ ಸುಮಾರು 72,000 ಕೋಟಿ ರೂಪಾಯಿ. ಆಮೆಗಳ ಗತಿಯೇನು, ಕಾಡಿನಲ್ಲಿ ಬಾಳುವ ಶೋಂಪೆನ್ ಜನರ, ಕರಾವಳಿಯ ನಿಕೋಬಾರಿಗಳ ಗತಿಯೇನು ಎಂಬ ವಾದ ನಡೆದೇ ಇದೆ. ಯೋಜನೆಯ ಪರವಾಗಿ ಹೇಳುವ ಕಾರಣ ಮಲಕ್ಕಾ ಜಲಸಂಧಿಯ ಹಡಗು ದಾರಿ. ಬಿಲ್ಲೆಯ ಕಾಲದ ಡೆನ್ಮಾರ್ಕ್ ಸರ್ಕಾರ ಹಾಕಿದ್ದೂ ಇದೇ ಲೆಕ್ಕ.

ನಿಕೋಬಾರಿನಿಂದ ಹಡಗು ಪಿನಾಂಗ್, ಸಿಂಗಪುರ, ಬಟೇವಿಯ, ಮನಿಲಾಗಳ ದಾರಿಯಲ್ಲಿ ಚೀನಕ್ಕೆ ಹೋಯಿತು. ಅಫೀಮು ಯುದ್ಧದ ಬಳಿಕ 1842ರ ನಾನ್‌ಕಿಂಗ್ ಒಪ್ಪಂದದಿಂದ ಐದು ಚೀನೀ ಬಂದರುಗಳು ತೆರೆದಿದ್ದವು. ಅವುಗಳಲ್ಲಿ ಡೆನ್ಮಾರ್ಕಿಗೂ ಪಾಲು ಸಿಕ್ಕೀತೇ ಎಂದು ನೋಡುವುದು ಉದ್ದೇಶ. ಶಾಂಘೈವರೆಗೂ ಹೋಗಿ, ಅಲ್ಲಿಂದ ಜಪಾನಿನ ತೀರದತ್ತ ಸಾಗಿದರು. ಡಚ್ಚರನ್ನುಳಿದು ಯಾವ ಯೂರೋಪಿಯನ್ನರಿಗೂ ಜಪಾನ್ ಬಾಗಿಲು ತೆರೆಯದಿದ್ದ ಕಾಲ. ಅಮೆರಿಕದ ಕಮೊಡೋರ್ ಪೆರಿ ಫಿರಂಗಿ ತೋರಿಸಿ ಆ ಬಾಗಿಲು ತಳ್ಳಲು ಇನ್ನೂ ಏಳು ವರ್ಷವಿತ್ತು. ಗಲಾಥಿಯಾ ಅಲ್ಲಿ ಏನನ್ನೂ ಸಾಧಿಸದೆ ಪೆಸಿಫಿಕ್ ಸಾಗರಕ್ಕೆ ಇಳಿಯಿತು.

ರಾಜತಾಂತ್ರಿಕವಾಗಿ ಯಾತ್ರೆಗೆ ಸಿಕ್ಕಿದ ಸ್ಪಷ್ಟ ಗೆಲುವು ಹವಾಯಿಯಲ್ಲಿ. ಆಗ ಅದು ದೊರೆ ಮೂರನೆಯ ಕಮೆಹಮೆಹನ ಸ್ವತಂತ್ರ ರಾಜ್ಯ. ಫ್ರಾನ್ಸ್, ಬ್ರಿಟನ್ನುಗಳ ಬೆದರಿಕೆ ಕಂಡಿದ್ದ ಆ ಸಣ್ಣ ರಾಜ್ಯ, ತನ್ನನ್ನು ಸಮಾನನೆಂದು ಒಪ್ಪುವ ದೇಶಗಳನ್ನು ಹುಡುಕುತ್ತಿತ್ತು. 1846ರ ಅಕ್ಟೋಬರ್ 19ರಂದು ಹೊನೊಲುಲುವಿನಲ್ಲಿ ಡೆನ್ಮಾರ್ಕ್ ಮತ್ತು ಹವಾಯಿಗಳ ನಡುವೆ ಸ್ನೇಹ ಹಾಗೂ ವಾಣಿಜ್ಯದ ಒಪ್ಪಂದವಾಯಿತು. ಡೆನ್ಮಾರ್ಕಿನ ಪರವಾಗಿ ಸಹಿ ಬಿಲ್ಲೆಯದು. ಹಡಗಿನ ಕಪ್ತಾನನೇ ರಾಯಭಾರಿಯೂ ಆಗಬೇಕಾಗಿದ್ದ ಕಾಲ ಅದು. ರಾಜಧಾನಿಯ ಅಪ್ಪಣೆ ಕೇಳಿ ಉತ್ತರ ಬರುವಷ್ಟರಲ್ಲಿ ವರ್ಷವೇ ಕಳೆದೀತು.

ತಾಹಿಟಿ, ಚಿಲಿಯ ವಾಲ್ಪರೈಸೊ, ಪೆರುವಿನ ಕಯ್ಯಾವ್ ಮುಟ್ಟಿ, ಕೇಪ್ ಹಾರ್ನ್ ಬಳಸಿ, ಬ್ರೆಜಿಲ್ ತೀರದ ಮೂಲಕ ಹಡಗು ಮನೆಗೆ ಬಂತು. ರೈನ್‌ಹಾರ್ಟ್ ಮಾತ್ರ ಬ್ರೆಜಿಲಿನಲ್ಲೇ ಇಳಿದುಕೊಂಡ. ಅಲ್ಲಿನ ಲಾಗೋವಾ ಸಾಂತಾ ಎಂಬಲ್ಲಿ ಗುಹೆಗಳನ್ನು ಅಗೆದು ಅಳಿದ ಪ್ರಾಣಿಗಳ ಎಲುಬು ತೆಗೆಯುತ್ತಿದ್ದ ಡೇನಿಷ್ ವಿಜ್ಞಾನಿ ಪೀಟರ್ ಲುಂಡ್ ಇದ್ದ. ರೈನ್‌ಹಾರ್ಟ್‌ಗೆ ಆ ಜಾಗ ಎಷ್ಟು ಹಿಡಿಸಿತೆಂದರೆ ಮುಂದೆ ಮತ್ತೆ ಮತ್ತೆ ಅಲ್ಲಿಗೆ ಹೋದ.

ಪೆಟ್ಟಿಗೆಗಳು ಕೋಪನ್‌ಹೇಗನ್ ತಲುಪಿದವು. ಅವುಗಳನ್ನು ಬಿಚ್ಚಿ, ವಿಂಗಡಿಸಿ, ಬರೆದು ಪ್ರಕಟಿಸುವ ಹೊತ್ತಿಗೆ ಕಾಲ ಕೈಕೊಟ್ಟಿತು. 1848ರ ಜನವರಿ 20ರಂದು ದೊರೆ ಎಂಟನೆಯ ಕ್ರಿಶ್ಚಿಯನ್ ತೀರಿಕೊಂಡ. ಮಾರ್ಚ್ ತಿಂಗಳಲ್ಲಿ ಶ್ಲೆಸ್ವಿಗ್, ಹೋಲ್‌ಸ್ಟೈನ್ ಸೀಮೆಗಳಿಗಾಗಿ ಯುದ್ಧ ಶುರುವಾಯಿತು. ಪ್ರಾಣಿಶಾಸ್ತ್ರದ ಮುಖ್ಯಸ್ಥ ಬೇನ್ ಇದ್ದ ಕೀಲ್ ಪಟ್ಟಣವೇ ಡೆನ್ಮಾರ್ಕಿನ ವಿರುದ್ಧ ಎದ್ದು ನಿಂತ ಕೇಂದ್ರ. ಒಂದೇ ಹಡಗಿನಲ್ಲಿ ಎರಡು ವರ್ಷ ಕಳೆದವರು ಯುದ್ಧದ ಎರಡು ಬದಿಯಲ್ಲಿ ಸಿಕ್ಕಿಕೊಂಡರು. ಒಟ್ಟಾಗಿ ಬರಬೇಕಾಗಿದ್ದ ವೈಜ್ಞಾನಿಕ ಸಂಪುಟಗಳು ಬರಲೇ ಇಲ್ಲ. ಡಿಡ್ರಿಕ್ಸನ್‌ನಂಥವರು ತಮ್ಮ ತಮ್ಮ ಭಾಗವನ್ನು ಚೂರುಚೂರಾಗಿ ಪ್ರಕಟಿಸಿದರು. ಕಪ್ತಾನ ಬಿಲ್ಲೆ ಮಾತ್ರ 1849ರಿಂದ 1851ರ ನಡುವೆ ಮೂರು ಸಂಪುಟಗಳ ಪ್ರವಾಸ ಕಥನ ಹೊರತಂದ. ನಾಡಿನ ಜನ ಈ ಯಾತ್ರೆಯನ್ನು ನೆನಪಿಟ್ಟುಕೊಂಡದ್ದು ಬಹುಪಾಲು ಆ ಪುಸ್ತಕದಿಂದ.

ತಂಡದಲ್ಲಿ ಅತಿ ವಿಚಿತ್ರ ತಿರುವು ಕಂಡದ್ದು ರಿಂಕನ ಬದುಕು. ನಿಕೋಬಾರಿನ ಜ್ವರದಿಂದ ಪಾರಾದವನು 1848ರಲ್ಲಿ ಹೊರಟದ್ದು ಗ್ರೀನ್‌ಲ್ಯಾಂಡಿಗೆ. ಮುಂದೆ ಅಲ್ಲಿನ ಆಡಳಿತಾಧಿಕಾರಿಯಾಗಿ, ಸ್ಥಳೀಯರ ಕಥೆಗಳನ್ನು ಕೂಡಿಹಾಕಿ, 1861ರಲ್ಲಿ ಗ್ರೀನ್‌ಲ್ಯಾಂಡಿನ ಭಾಷೆಯಲ್ಲೇ ‘ಅತುಅಗಾಗ್ದ್ಲಿಉತಿತ್’ ಎಂಬ ಪತ್ರಿಕೆ ಆರಂಭಿಸಿದ.

ಗಲಾಥಿಯಾ ಹಡಗು ಇಂದು ಇಲ್ಲ. ಆ ಕಾಲದ ಡೇನಿಷ್ ಯುದ್ಧನೌಕೆಯನ್ನು ಕಣ್ಣಾರೆ ನೋಡಬೇಕೆನ್ನುವವರು ಎಬೆಲ್‌ಟೋಫ್ಟ್ ಎಂಬ ಪುಟ್ಟ ಊರಿಗೆ ಹೋಗಬೇಕು. ಅಲ್ಲಿ ಒಣ ಕಟ್ಟೆಯಲ್ಲಿ ನಿಂತಿರುವುದು 1860ರಲ್ಲಿ ನೀರಿಗಿಳಿದ ಯೂಲಂಡ್ ಎಂಬ ಫ್ರಿಗೇಟು. ಓಕ್ ಮರದಿಂದ ಕಟ್ಟಿದ, 71 ಮೀಟರ್ ಉದ್ದದ, 44 ಫಿರಂಗಿಗಳ ಹಡಗು. ಗಲಾಥಿಯಾಗೆ ಇಲ್ಲದ ಹಬೆ ಯಂತ್ರ ಇದಕ್ಕೆ ಇತ್ತು, ಹಾಯಿಯೂ ಇತ್ತು. 1864ರ ಮೇ 9ರಂದು ಹೆಲಿಗೋಲ್ಯಾಂಡ್ ಬಳಿ ಆಸ್ಟ್ರಿಯ ಹಾಗೂ ಪ್ರಷ್ಯಗಳ ನೌಕೆಗಳೊಡನೆ ಕಾದಾಡಿತು. 1874ರಲ್ಲಿ ದೊರೆ ಒಂಬತ್ತನೆಯ ಕ್ರಿಶ್ಚಿಯನ್ನನನ್ನು ಐಸ್‌ಲ್ಯಾಂಡಿಗೆ ಕರೆದೊಯ್ದಿತು. 1908ರಲ್ಲಿ ಒಡೆದು ಹಾಕಲು ಮಾರಿದ ಹಡಗನ್ನು ಒಬ್ಬ ಜಮೀನ್ದಾರ ಕೊಂಡು ಉಳಿಸಿದ. 1994ರಲ್ಲಿ ಜೀರ್ಣೋದ್ಧಾರ ಮುಗಿಯಿತು.

ಡೆನ್ಮಾರ್ಕ್ ಅಂಗಡಿ ಮುಚ್ಚುವ ಕೆಲಸವನ್ನು ಮುಂದುವರಿಸಿತು. 1850ರಲ್ಲಿ ಆಫ್ರಿಕದ ಗೋಲ್ಡ್ ಕೋಸ್ಟಿನ ಕೋಟೆಗಳನ್ನು ಬ್ರಿಟನ್ನಿಗೆ ಮಾರಿತು. 1917ರಲ್ಲಿ ವೆಸ್ಟ್ ಇಂಡೀಸಿನ ದ್ವೀಪಗಳನ್ನು ಎರಡೂವರೆ ಕೋಟಿ ಡಾಲರಿಗೆ ಅಮೆರಿಕಕ್ಕೆ ಮಾರಿತು. ಗಲಾಥಿಯಾ ಹೆಸರನ್ನು ಮಾತ್ರ ಅದು ಮಾರಲಿಲ್ಲ. ಬ್ರಿಟನ್ನಿನಿಂದ ಕೊಂಡ ಹಡಗಿಗೆ ಅದೇ ಹೆಸರಿಟ್ಟು 1950ರಲ್ಲಿ ಎರಡನೆಯ ಯಾತ್ರೆ ಹೊರಡಿಸಿತು. ನಾಯಕ ಆಂಟನ್ ಬ್ರೂನ್, ಗುರಿ ಆಳ ಸಮುದ್ರ. 1951ರ ಜುಲೈಯಲ್ಲಿ ಫಿಲಿಪ್ಪೀನ್ ಕಂದಕದಲ್ಲಿ ಹತ್ತು ಸಾವಿರ ಮೀಟರಿಗೂ ಹೆಚ್ಚಿನ ಆಳಕ್ಕೆ ಬಲೆ ಇಳಿಸಿ ಜೀವಂತ ಪ್ರಾಣಿಗಳನ್ನು ಮೇಲೆತ್ತಿದರು. ಅಷ್ಟು ಒತ್ತಡದ ಕತ್ತಲಲ್ಲೂ ಜೀವವಿದೆ ಎಂಬುದು ಆಗ ಖಚಿತವಾಯಿತು. ಮರುವರ್ಷ ಕೋಸ್ಟರಿಕದ ಆಚೆ ಸಿಕ್ಕಿದ ಒಂದು ಸಣ್ಣ ಚಿಪ್ಪುಜೀವಿ, ಕೋಟ್ಯಂತರ ವರ್ಷಗಳ ಹಿಂದೆಯೇ ಅಳಿದುಹೋಯಿತೆಂದು ಭಾವಿಸಿದ್ದ ಕುಲಕ್ಕೆ ಸೇರಿದ್ದು. ಅದಕ್ಕಿಟ್ಟ ಹೆಸರು ನಿಯೋಪಿಲಿನಾ ಗಲಾಥಿಯೇ. 2006ರ ಆಗಸ್ಟಿನಿಂದ 2007ರ ಏಪ್ರಿಲ್‌ವರೆಗೆ ನೌಕಾಪಡೆಯ ಗಸ್ತು ಹಡಗು ವೆಡ್ಡೆರೆನ್ ಮೂರನೆಯ ಗಲಾಥಿಯಾ ಯಾತ್ರೆ ನಡೆಸಿತು. 1845ರಲ್ಲಿ ರಾಜಕಾರಣದ ಹಡಗಿನಲ್ಲಿ ಒಂದು ಮೂಲೆ ಗಿಟ್ಟಿಸಿಕೊಂಡಿದ್ದ ವಿಜ್ಞಾನಿಗಳು ಈ ಎರಡು ಯಾತ್ರೆಗಳಲ್ಲಿ ಹಡಗು ಎತ್ತ ಹೋಗಬೇಕೆಂದು ತೀರ್ಮಾನಿಸಿದರು.